ಗಾಳಿ ನುಗ್ಗುವ ಹಳೇ ಮನೆಗೆ ಸೌದೆ ಒಲೆ: ಬಚ್ಚಲ ಒಲೆ ಬುದ್ಧಿ ಇಲ್ಲಿ ಸಾಲದು

ತೀರ್ಥಹಳ್ಳಿ ಕಡೆಯ ತೋಟದ ಮನೆಯಲ್ಲಿ ಬೆಳೆದವಳಿಗೆ ಒಲೆ ಉರಿಸುವುದನ್ನು ಯಾರೂ ಹೇಳಿಕೊಡಬೇಕಿಲ್ಲ ಅಂತ ನನಗೊಂದು ಜಂಬ ಇತ್ತು. ಬೆಳಗಿನ ಜಾವ ಎದ್ದು ಬಚ್ಚಲ ಒಲೆಗೆ ಬೆಂಕಿ ಹಾಕಿ, ಹಂಡೆ ನೀರು ಕಾಯುವ ತನಕ ಅದರ ಮುಂದೆ ಕುಕ್ಕರಗಾಲಲ್ಲಿ ಕೂತು ಚಳಿ ಕಾಯಿಸಿಕೊಂಡವರು ನಾವು. ಹಾಗಾಗಿ ಅಮೆರಿಕದ ವರ್ಮಾಂಟಿನಲ್ಲಿ ನೂರು ವರ್ಷ ದಾಟಿದ ಮರದ ಮನೆಯೊಂದಕ್ಕೆ ಬಂದು ಸೇರಿದಾಗ, ನಡುಮನೆಯಲ್ಲಿ ಎರಕದ ಕಬ್ಬಿಣದ ಸೌದೆ ಒಲೆ ಕಂಡು, ಸರಿ ಬಿಡು, ಚಳಿಗಾಲ ಗೆದ್ದ ಹಾಗೆ ಅಂದುಕೊಂಡೆ. ಮೊದಲ ಜನವರಿಯಲ್ಲಿ ಹೊರಗೆ ಮೈನಸ್ 28 ಡಿಗ್ರಿ ಸೆಲ್ಸಿಯಸ್. ಒಲೆ ಮುಂದೆ ಕೂತರೆ ಮುಖ ಸುಡುತ್ತಿತ್ತು, ಬೆನ್ನು ಮರಗಟ್ಟುತ್ತಿತ್ತು. ಅಡುಗೆಮನೆ ಮೂಲೆಯಲ್ಲಿದ್ದ ಕೊಬ್ಬರಿ ಎಣ್ಣೆ ಬಿಡಿ, ಕಡಲೆಕಾಯಿ ಎಣ್ಣೆಯೂ ಗಟ್ಟಿಯಾಗಿತ್ತು.

ತಪ್ಪು ಒಲೆಯದ್ದಲ್ಲ. ಸ್ವಲ್ಪ ಮನೆಯದ್ದು, ಸ್ವಲ್ಪ ಸೌದೆಯದ್ದು, ಜಾಸ್ತಿ ನನ್ನ ಬಚ್ಚಲ ಒಲೆ ಬುದ್ಧಿಯದ್ದು. ನ್ಯೂ ಇಂಗ್ಲೆಂಡ್, ನ್ಯೂಯಾರ್ಕಿನ ಉತ್ತರ ಭಾಗ, ಮಿಶಿಗನ್, ಎಲ್ಲೇ ಆಗಲಿ ಇಂಥ ಹಳೇ ಮನೆಗೆ ಬಂದು ನಡುಗುತ್ತಾ ಕೂತಿರುವ ಕನ್ನಡದವರಿಗೆ, ನಾನು ಕಲಿತದ್ದನ್ನು ಕಲಿತ ಕ್ರಮದಲ್ಲಲ್ಲ, ನೀವು ಮಾಡಬೇಕಾದ ಕ್ರಮದಲ್ಲಿ ಹೇಳುತ್ತೇನೆ.

ಮೊದಲು ಅಟ್ಟ ಹತ್ತಿ

ಹೌದು, ಒಲೆ ಆಮೇಲೆ. ಊರಿನ ಹಂಚಿನ ಮನೆಯಲ್ಲಿ ಗಾಳಿ ಆಡಬೇಕು. ಹೊಗೆ ಹಂಚಿನ ಸಂದಿಯಲ್ಲಿ ಹೊರಗೆ ಹೋಗಬೇಕು, ಇಲ್ಲದಿದ್ದರೆ ಅಡುಗೆಮನೆಯಲ್ಲಿ ಕಣ್ಣು ಬಿಡಲಿಕ್ಕಾಗುವುದಿಲ್ಲ. ಇಲ್ಲಿ ಅದೇ ಸಂದಿ ನಿಮ್ಮ ಶತ್ರು. ಬಿಸಿ ಗಾಳಿ ಹಗುರ, ಮೇಲೆ ಏರುತ್ತದೆ, ಅಟ್ಟದ ತೂತುಗಳಲ್ಲಿ ಹೊರಗೆ ಹೋಗುತ್ತದೆ. ಹೋದಷ್ಟು ಗಾಳಿ ಎಲ್ಲಿಂದಲಾದರೂ ಒಳಗೆ ಬರಲೇಬೇಕಲ್ಲ, ಅದು ಬೇಸ್‌ಮೆಂಟಿನ ಸಂದಿಯಿಂದ, ಬಾಗಿಲ ಅಡಿಯಿಂದ, ನೆಲದ ಹಲಗೆಗಳ ನಡುವಿನಿಂದ ಬರುತ್ತದೆ. ಅಂದರೆ ಇಡೀ ಮನೆಯೇ ಒಂದು ಚಿಮಣಿ. ಒಲೆ ಜೋರು ಮಾಡಿದಷ್ಟೂ ಮೇಲೆ ಜೋರಾಗಿ ಸೋರುತ್ತದೆ, ಕೆಳಗೆ ಕಾಲಿಗೆ ಅಷ್ಟೇ ಜೋರಾಗಿ ತಣ್ಣನೆ ಗಾಳಿ ಹೊಡೆಯುತ್ತದೆ. ನಾನು ಮೊದಲ ವರ್ಷ ಇನ್ನೆರಡು ಸೌದೆ ಹಾಕುತ್ತಾ ಹೋದೆ, ಕಾಲು ಇನ್ನೂ ತಣ್ಣಗಾಗುತ್ತಾ ಹೋಯಿತು, ಯಾಕೆ ಅಂತ ಅರ್ಥವಾಗಲು ಒಂದು ಚಳಿಗಾಲ ಬೇಕಾಯಿತು.

ಕಿಟಕಿ ಪಕ್ಕ ಕೂತರೆ ಚಳಿ ಹೊಡೆಯುತ್ತದೆ ಅಂತ ಎಲ್ಲರೂ ಮೊದಲು ಕಿಟಕಿಗೆ ದುಡ್ಡು ಸುರಿಯುತ್ತಾರೆ. ಬೇಡ. ಮೊದಲು ಅಟ್ಟ, ಆಮೇಲೆ ಬೇಸ್‌ಮೆಂಟ್, ಕಿಟಕಿ ಕೊನೆಗೆ.

ತೂತು ಹುಡುಕುವುದಕ್ಕೆ ದೇವರ ಮನೆಯಲ್ಲಿರುವ ಊದುಬತ್ತಿ ಸಾಕು. ಚಳಿ ಇರುವ, ಗಾಳಿ ಬೀಸುವ ದಿನ ನೋಡಿ. ಒಲೆ ಪೂರ್ತಿ ಆರಿರಬೇಕು. ಕೆಂಡವೂ ಇರಬಾರದು, ಕಾರಣ ಮುಂದೆ ಹೇಳುತ್ತೇನೆ. ಎಲ್ಲ ಕಿಟಕಿ ಬಾಗಿಲು ಮುಚ್ಚಿ, ಅಡುಗೆಮನೆ ಮತ್ತು ಬಚ್ಚಲಿನ ಎಕ್ಸಾಸ್ಟ್ ಫ್ಯಾನ್ ಎರಡನ್ನೂ ಹಾಕಿ. ಈಗ ಮನೆ ಹೊರಗಿನ ಗಾಳಿಯನ್ನು ಎಳೆದುಕೊಳ್ಳುತ್ತದೆ. ಊದುಬತ್ತಿ ಹಚ್ಚಿಕೊಂಡು ನಿಧಾನವಾಗಿ ಸುತ್ತಿ. ಹೊಗೆ ನೆಟ್ಟಗೆ ದಾರದ ಹಾಗೆ ಏರುತ್ತಿದ್ದರೆ ಆ ಜಾಗ ಸರಿ ಇದೆ. ಸೊಂಟ ಮುರಿದ ಹಾಗೆ ಬಾಗಿ ಒಳಗೆ ತಳ್ಳಿಕೊಂಡು ಬಂದರೆ ಅಲ್ಲೊಂದು ಪೆನ್ಸಿಲ್ ಗುರುತು ಹಾಕಿ. ನಮ್ಮ ಮನೆಯಲ್ಲಿ ಪ್ಲಗ್ ಪಾಯಿಂಟಿನ ತೂತಿನಿಂದ ಬಂದ ಗಾಳಿ ಊದುಬತ್ತಿಯ ಬೂದಿಯನ್ನೇ ಉದುರಿಸಿತು. ಕೆಲವು ಕಡೆ ಬ್ಲೋವರ್ ಡೋರ್ ಅಂತ ಬಾಗಿಲಿಗೆ ದೊಡ್ಡ ಫ್ಯಾನ್ ಕೂರಿಸಿ ಇದನ್ನೇ ಅಳತೆ ಸಮೇತ ಮಾಡಿಕೊಡುತ್ತಾರೆ. ಸಬ್ಸಿಡಿ ಸಿಕ್ಕರೆ ಬಿಡಬೇಡಿ.

ಅಟ್ಟದಲ್ಲಿ ಇನ್ನೂ ಸುಲಭ. ಬಿಸಿ ತಡೆಯಲು ಅಲ್ಲಿ ಹಾಸಿರುವ ಫೈಬರ್‌ಗ್ಲಾಸ್ ಎಲ್ಲಿ ಕಪ್ಪಾಗಿದೆಯೋ ಅಲ್ಲಿ ಕೆಳಗಿನಿಂದ ಗಾಳಿ ಬಂದು ಬಂದು ಧೂಳು ಸೋಸಿದೆ ಅಂತ ಲೆಕ್ಕ. ಅದನ್ನು ಎತ್ತಿ ನೋಡಿದರೆ ತೂತು ಸಿಗುತ್ತದೆ. ವೈರು ಹೋಗುವ ತೂತು, ಪೈಪು ಹೋಗುವ ತೂತು, ಅಟ್ಟ ಹತ್ತುವ ಮುಚ್ಚಳದ ಸುತ್ತ. ಸಣ್ಣದಕ್ಕೆ ಸ್ಪ್ರೇ ಫೋಮ್, ಮುಚ್ಚಳಕ್ಕೆ ರಬ್ಬರ್ ಪಟ್ಟಿ ಮತ್ತು ಮೇಲೊಂದು ದಪ್ಪ ಫೋಮ್ ಹಲಗೆ. ಸ್ವಲ್ಪ ದುಡ್ಡಿನ ಸಾಮಾನು, ಒಂದು ಶನಿವಾರ, ಇಡೀ ಮನೆಯಲ್ಲಿ ಇದಕ್ಕಿಂತ ಅಗ್ಗದ ಬಿಸಿ ಎಲ್ಲೂ ಸಿಗುವುದಿಲ್ಲ.

ಒಂದು ಕಡೆ ಫೋಮ್ ಹಾಕಲೇಬಾರದು. ಇಟ್ಟಿಗೆ ಚಿಮಣಿ ಅಟ್ಟ ಹಾಯುವಲ್ಲಿ ಅದರ ಸುತ್ತ ಮರಕ್ಕೂ ಇಟ್ಟಿಗೆಗೂ ನಡುವೆ ಸಂದಿ ಬಿಟ್ಟಿರುತ್ತಾರೆ. ಮನೆಯೊಳಗಿನ ಚಿಮಣಿಗೆ 2 ಇಂಚು ಬಿಡಬೇಕು ಅಂತ ನಿಯಮ, ಬೆಂಕಿ ಹತ್ತದಿರಲಿ ಅಂತ. ಆದರೆ ಅದೇ ಸಂದಿಯಲ್ಲಿ ಬಿಸಿ ಗಾಳಿ ಸರಾಗ ಮೇಲೆ ಹೋಗುತ್ತದೆ. ಅದಕ್ಕೆ ತಗಡು ಕತ್ತರಿಸಿ ಮುಚ್ಚಿ, ಅಂಚಿಗೆ ಬಿಸಿ ತಡೆಯುವ ಸೀಲೆಂಟ್ ಹಚ್ಚಬೇಕು. ಫೋಮ್, ಥರ್ಮೋಕೋಲ್, ಬಟ್ಟೆ ಯಾವುದೂ ಬೇಡ.

ಇನ್ನೆರಡು ಎಚ್ಚರಿಕೆ. ಅಟ್ಟದಲ್ಲಿ ಸಣ್ಣ ಹರಳಿನ ಹಾಗೆ, ಬೂದು ಕಂದು ಬಣ್ಣದ ಮಿರುಗುವ ಪುಡಿ ಹಾಸಿದ್ದರೆ ಅದು ಬಿಸಿ ತಡೆಯಲು ಹಾಕುತ್ತಿದ್ದ ವರ್ಮಿಕ್ಯುಲೈಟ್ ಅನ್ನುವ ಖನಿಜ ಇರಬಹುದು. ಮೊಂಟಾನಾ ರಾಜ್ಯದ ಲಿಬ್ಬಿ ಗಣಿಯಿಂದ ಬಂದದ್ದರಲ್ಲಿ, ಉಸಿರಲ್ಲಿ ಹೋದರೆ ಶ್ವಾಸಕೋಶ ಕೆಡಿಸುವ ಆಸ್‌ಬೆಸ್ಟಾಸ್ ಬೆರೆತಿತ್ತು. ಆ ಗಣಿ 1990ರಲ್ಲಿ ಮುಚ್ಚಿತು, ಮಾಲು ಮಾತ್ರ ಇನ್ನೂ ಎಷ್ಟೋ ಮನೆಗಳ ಅಟ್ಟದಲ್ಲಿದೆ. ಕೆದಕಬೇಡಿ, ತಿಳಿದವರನ್ನು ಕರೆಸಿ. ಹಾಗೇ ಪಿಂಗಾಣಿ ಗುಬುಟುಗಳ ಮೇಲೆ ಹಾಯುವ ಹಳೇ ಕಾಲದ ವೈರಿಂಗ್ ಕಂಡರೆ ಅದರ ಮೇಲೆ ಇನ್ಸುಲೇಷನ್ ಹೊದಿಸಬೇಡಿ, ಎಲೆಕ್ಟ್ರಿಷಿಯನ್ ನೋಡಲಿ.

ಬೇಸ್‌ಮೆಂಟಿನಲ್ಲಿ ಕಲ್ಲಿನ ಗೋಡೆ ಮುಗಿದು ಮರದ ತೊಲೆ ಶುರುವಾಗುವ ಜಾಗ ನೋಡಿ. ನಮ್ಮದರಲ್ಲಿ ಅಲ್ಲಿ ಬೆಳಕೇ ಕಾಣುತ್ತಿತ್ತು. ಬೆಳಕು ಕಾಣುವಲ್ಲಿ ಇಲಿಯೂ ಬರುತ್ತದೆ, ಗಾಳಿ ಬರುವುದು ದೊಡ್ಡ ಮಾತಲ್ಲ.

ಕಿಟಕಿಗೆ ಈಗ ಬನ್ನಿ. ಹೊಸ ಕಿಟಕಿ ಹಾಕಿಸಬೇಡಿ, ಅದರ ದುಡ್ಡು ವಾಪಸ್ ಬರುವಷ್ಟರಲ್ಲಿ ನಿಮ್ಮ ಮಕ್ಕಳಿಗೆ ಮಕ್ಕಳಾಗಿರುತ್ತವೆ. ಅಂಗಡಿಯಲ್ಲಿ ಸಿಗುವ ಪ್ಲಾಸ್ಟಿಕ್ ಹಾಳೆಯನ್ನು ಚೌಕಟ್ಟಿಗೆ ಟೇಪಿನಿಂದ ಅಂಟಿಸಿ ಹೇರ್ ಡ್ರೈಯರ್ ಹಿಡಿದರೆ ತಮಟೆಯ ಚರ್ಮದ ಹಾಗೆ ಬಿಗಿಯಾಗುತ್ತದೆ. ನೋಡಲಿಕ್ಕೂ ಅಷ್ಟೇನು ಕೆಟ್ಟದಾಗಿರುವುದಿಲ್ಲ. ಅಲುಗಾಡುವ ಚೌಕಟ್ಟಿಗೆ ಜೇಡಿಮಣ್ಣಿನ ಹಾಗೆ ಮೆತ್ತಗಿರುವ, ಹಗ್ಗದ ಹಾಗೆ ಉದ್ದಕ್ಕೆ ಬರುವ ರೋಪ್ ಕಾಕ್ ಅನ್ನು ಸಂದಿಗೆ ಒತ್ತಿ, ಏಪ್ರಿಲ್‌ನಲ್ಲಿ ಕಿತ್ತು ಹಾಕಿ. ಮಹಡಿ ಮೆಟ್ಟಿಲಿಗೆ ಬಾಗಿಲಿಲ್ಲದಿದ್ದರೆ ದಪ್ಪ ಕಂಬಳಿಯ ಪರದೆ ಕಟ್ಟಿ. ಇಡೀ ಮನೆ ಬೆಚ್ಚಗಿರಬೇಕು ಅನ್ನುವ ಆಸೆ ಬಿಟ್ಟುಬಿಡಿ. ಒಲೆ ಇರುವ ನಡುಮನೆ, ಅಡುಗೆಮನೆ, ಒಂದು ಮಲಗುವ ಕೋಣೆ, ಡಿಸೆಂಬರಿನಿಂದ ಮಾರ್ಚ್ ತನಕ ಇಷ್ಟೇ ನಿಮ್ಮ ಮನೆ. ಉಳಿದದ್ದು ಉಪ್ಪಿನಕಾಯಿ ಇಡುವ ಕೋಣೆ ಅಂದುಕೊಳ್ಳಿ.

ಸೌದೆ

ಇಲ್ಲಿ ಸೌದೆ ಅಳೆಯುವುದು ಕಾರ್ಡ್ ಲೆಕ್ಕದಲ್ಲಿ. 4 ಅಡಿ ಅಗಲ, 4 ಅಡಿ ಎತ್ತರ, 8 ಅಡಿ ಉದ್ದಕ್ಕೆ ಒತ್ತಾಗಿ ಒಟ್ಟಿದ್ದು ಒಂದು ಕಾರ್ಡ್, ಅಂದರೆ 128 ಘನ ಅಡಿ. ಫೇಸ್ ಕಾರ್ಡ್ ಅಂತ ಯಾರಾದರೂ ಅಂದರೆ ಕಿವಿ ನಿಮಿರಲಿ. ಅದು 16 ಇಂಚು ತುಂಡಿನ ಒಂದೇ ಸಾಲು, ಪೂರ್ತಿ ಕಾರ್ಡಿನ ಮೂರನೇ ಒಂದು ಭಾಗ. ಟ್ರಕ್ಕಿನಲ್ಲಿ ಸುರಿದ ರಾಶಿ ನೋಡಿ ಎಷ್ಟಿದೆ ಅಂತ ಹೇಳಲಾಗುವುದಿಲ್ಲ, ಒಟ್ಟಿದ ಮೇಲೆ ಟೇಪು ಹಿಡಿಯಿರಿ.

ನನಗೆ ಮೊದಲ ವರ್ಷ ಸೌದೆ ತಂದು ಹಾಕಿದವನು "ಒಣಗಿದ್ದು, ಪೂರ್ತಿ ಒಣಗಿದ್ದು" ಅಂದ. ಒಲೆಗೆ ಹಾಕಿದರೆ ತುದಿಯಲ್ಲಿ ನೊರೆ ಬಂತು, ಚುಂಯ್ ಅಂತ ಅತ್ತಿತು. ಒದ್ದೆ ಸೌದೆ ಸುಡುವುದು ಅಂದರೆ ಒಲೆಯೊಳಗೆ ನೀರು ಕುದಿಸಿ, ಆ ಆವಿಯನ್ನು ಚಿಮಣಿಯಲ್ಲಿ ಆಕಾಶಕ್ಕೆ ಕಳಿಸುವುದು. ಹಂಡೆಯಾದರೂ ಇದ್ದಿದ್ದರೆ ಆ ನೀರು ಸ್ನಾನಕ್ಕೆ ಆಗುತ್ತಿತ್ತು.

ಈಗ ಮಾಡುವುದೇನೆಂದರೆ, ಮಾತು ನಂಬುವುದಿಲ್ಲ, ಮೀಟರ್ ನಂಬುತ್ತೇನೆ. ಎರಡು ಮುಳ್ಳಿನ ತೇವಾಂಶದ ಮೀಟರ್ ಹಾರ್ಡ್‌ವೇರ್ ಅಂಗಡಿಯಲ್ಲೇ ಸಿಗುತ್ತದೆ. ಸೌದೆಯ ಹೊರ ಮುಖಕ್ಕೆ ಚುಚ್ಚಿದರೆ ಸುಳ್ಳು ಹೇಳುತ್ತದೆ. ಒಂದು ತುಂಡನ್ನು ಅಲ್ಲೇ ಸೀಳಿ, ಹೊಸದಾಗಿ ಬಿಚ್ಚಿದ ಮುಖದ ನಡುವೆ ಚುಚ್ಚಿ. ಶೇಕಡ 20ಕ್ಕಿಂತ ಕಡಿಮೆ ಬಂದರೆ ಸರಿ. ಮೀಟರ್ ಇಲ್ಲದಿದ್ದರೆ ಎರಡು ತುಂಡು ಕೈಯಲ್ಲಿ ಹಿಡಿದು ಬಡಿಯಿರಿ. ಒಣಗಿದ್ದು ಠಣ್ ಅನ್ನುತ್ತದೆ, ಹಸಿಯದ್ದು ಹಲಸಿನ ಕಾಯಿ ಬಡಿದ ಹಾಗೆ ಡಬ್ ಅನ್ನುತ್ತದೆ.

ಮಳೆ ಹಿಡಿಯುವ ಮುಂಚೆ ಸೌದೆ ಕೊಟ್ಟಿಗೆ ತುಂಬಿಸಿದ ಮನೆಯವರಿಗೆ ಒಣಗಿಸುವುದು ಹೊಸದೇನಲ್ಲ. ಆದರೆ ಇಲ್ಲಿ ಲೆಕ್ಕ ತಿಂಗಳಲ್ಲಿಲ್ಲ, ವರ್ಷದಲ್ಲಿ. ಮೇಪಲ್, ಆ್ಯಶ್, ಬರ್ಚ್ ಸೀಳಿ ಒಟ್ಟಿ ಒಂದು ಪೂರ್ತಿ ಬೇಸಿಗೆ ಬಿಸಿಲು ಗಾಳಿ ಕಾಣಿಸಿದರೆ ಹೆಚ್ಚು ಕಡಿಮೆ ಸಾಕು, ಓಕ್ ಮಾತ್ರ ಎರಡು ವರ್ಷ ಕೇಳುತ್ತದೆ. ನೆಲಕ್ಕೆ ತಾಗದ ಹಾಗೆ ಅಡಿಗೆ ಹಲಗೆ ಕೊಡಿ. ಮೇಲಷ್ಟೇ ಮುಚ್ಚಿ, ಪಕ್ಕ ತೆರೆದಿರಲಿ. ಟಾರ್ಪಾಲಿನಲ್ಲಿ ಗಂಟು ಕಟ್ಟಿದ ಹಾಗೆ ಸುತ್ತಿದರೆ ಒಳಗೆ ಅಣಬೆ ಏಳುತ್ತದೆ. ಪೈನ್ ಸುಟ್ಟರೆ ಚಿಮಣಿ ಕೆಡುತ್ತದೆ ಅಂತ ಇಲ್ಲಿಯ ಹಿರಿಯರು ಹೇಳುತ್ತಾರೆ. ಚಿಮಣಿ ಕೆಡಿಸುವುದು ಪೈನ್ ಅಲ್ಲ, ಒದ್ದೆ. ಒಣಗಿದ ಪೈನ್ ಬೇಗ ಹತ್ತುತ್ತದೆ, ಬೇಗ ಮುಗಿಯುತ್ತದೆ, ಅಕ್ಟೋಬರಿನ ಸಣ್ಣ ಚಳಿಗೆ ಅದೇ ಸರಿ. ಗಟ್ಟಿ ಮೇಪಲನ್ನು ಜನವರಿಗೆ ಇಟ್ಟುಕೊಳ್ಳಿ.

ಆ್ಯಶ್ ಬಗ್ಗೆ ಒಂದು ಮಾತು. ಎಮರಾಲ್ಡ್ ಆ್ಯಶ್ ಬೋರರ್ ಅನ್ನುವ ಹಸಿರು ದುಂಬಿ 2018ರಲ್ಲಿ ವರ್ಮಾಂಟಿನಲ್ಲಿ ಕಾಣಿಸಿಕೊಂಡ ಮೇಲೆ ಆ ಮರಗಳು ಸಾಯುತ್ತಿವೆ, ಜನ ಕಡಿಸುತ್ತಿದ್ದಾರೆ. ಸೌದೆ ಒಳ್ಳೆಯದೇ. ಆದರೆ ದೂರದ ಊರಿನಿಂದ ತರಿಸಬೇಡಿ, ತೊಗಟೆಯೊಳಗೆ ಹುಳ ಸಮೇತ ಬರುತ್ತದೆ.

ಎಷ್ಟು ಬೇಕು ಅಂತ ಎಲ್ಲರೂ ಕೇಳುತ್ತಾರೆ. ನಮಗೆ ಮೊದಲ ವರ್ಷ ಏಳು ಕಾರ್ಡ್ ಹೋಯಿತು, ನಡುಗಿಕೊಂಡೇ ಇದ್ದೆವು. ಅಟ್ಟ, ಬೇಸ್‌ಮೆಂಟ್ ಮುಚ್ಚಿ ಒಣ ಸೌದೆ ಹಾಕಿದ ಮೇಲೆ ನಾಲ್ಕೂವರೆ. ಒಣಗಿದ ಮೇಪಲ್ ಒಂದು ಕಾರ್ಡ್, ಒಳ್ಳೇ ಒಲೆಯಲ್ಲಿ, ಸುಮಾರು 140ರಿಂದ 150 ಗ್ಯಾಲನ್ ಹೀಟಿಂಗ್ ಆಯಿಲ್, ಅಂದರೆ ಮನೆ ಬಿಸಿ ಮಾಡುವ ಬಾಯ್ಲರಿನ ಎಣ್ಣೆ, ಕೊಡುವಷ್ಟು ಬಿಸಿ ಕೊಡುತ್ತದೆ. ನಿಮ್ಮ ಊರಿನ ಎಣ್ಣೆ ದರ ಹಾಕಿ ನೀವೇ ಗುಣಿಸಿಕೊಳ್ಳಿ.

ಬೆಂಕಿ ಹಚ್ಚುವುದು, ತಲೆಕೆಳಗಾಗಿ

ಊರಲ್ಲಿ ಅಡಿಗೆ ಅಡಿಕೆ ಸೋಗೆ, ಮೇಲೆ ಪುರಲೆ, ಅದರ ಮೇಲೆ ಕಟ್ಟಿಗೆ, ಆಮೇಲೆ ಊದುಗೊಳವೆ ಹಿಡಿದು ಕಣ್ಣೀರು. ಇಲ್ಲಿ ಉಲ್ಟಾ ಮಾಡಿ. ದಪ್ಪ ತುಂಡು ಎರಡೋ ಮೂರೋ ಅಡಿಗೆ. ಅದರ ಮೇಲೆ ಮಣಿಕಟ್ಟಿನ ದಪ್ಪದವು ಅಡ್ಡ. ಅದರ ಮೇಲೆ ಬೆರಳು ದಪ್ಪದ ಚಕ್ಕೆ, ನಾಲ್ಕೈದು ಸಾಲು, ಅಡ್ಡ ಉದ್ದ ಅಡ್ಡ ಉದ್ದ. ಎಲ್ಲಕ್ಕಿಂತ ಮೇಲೆ ಗಂಟು ಹಾಕಿದ ಪೇಪರ್ ಅಥವಾ ಬರ್ಚ್ ಮರದ ತೊಗಟೆ. ಈ ತೊಗಟೆ ಬಿಳಿ ಕಾಗದದ ಹಾಗೆ ಸುಲಿದು ಬರುತ್ತದೆ, ಎಣ್ಣೆ ಅಂಶ ಇರುವುದರಿಂದ ತೇವ ಇದ್ದರೂ ಹತ್ತುತ್ತದೆ. ಕಡ್ಡಿ ಗೀರುವುದು ಮೇಲೆ. ಬೆಂಕಿ ಮೇಲಿನಿಂದ ಕೆಳಗೆ ಇಳಿಯುತ್ತದೆ. ಹೊಗೆ ಉರಿಯ ಮೂಲಕವೇ ಹಾದು ಹೋಗುವುದರಿಂದ ಅದೂ ಸುಟ್ಟುಹೋಗುತ್ತದೆ, ಚಿಮಣಿ ಬೇಗ ಬಿಸಿಯಾಗುತ್ತದೆ. ನಾನು ಇದನ್ನು ಮೊದಲು ಕೇಳಿದಾಗ ನಕ್ಕಿದ್ದೆ. ಈಗ ಊದುಗೊಳವೆ ನೆನಪಿಗೆ ಅಂತ ಗೋಡೆಯಲ್ಲಿ ನೇತಾಡುತ್ತಿದೆ.

ಎರಡು ದಿನ ಒಲೆ ಹಚ್ಚದೇ ಇದ್ದರೆ ಚಿಮಣಿಯೊಳಗೆ ತಣ್ಣನೆ ಗಾಳಿ ಬಿರಡೆಯ ಹಾಗೆ ಕೂತಿರುತ್ತದೆ. ಒಲೆ ಬಾಗಿಲು ತೆಗೆದಾಗ ಮುಖಕ್ಕೆ ತಣ್ಣಗೆ ಹೊಡೆದರೆ ಅದೇ. ಆಗ ನೇರ ಬೆಂಕಿ ಹಚ್ಚಿದರೆ ಹೊಗೆಯೆಲ್ಲ ನಡುಮನೆಗೆ. ಪಕ್ಕದ ಕಿಟಕಿ ಒಂದಿಂಚು ತೆಗೆದು, ಒಂದು ಪೇಪರ್ ಸುರುಳಿ ಹಚ್ಚಿ ಒಲೆಯೊಳಗೆ ಮೇಲ್ಭಾಗದಲ್ಲಿ, ಕೊಳವೆ ಶುರುವಾಗುವ ಹತ್ತಿರ ಹಿಡಿಯಿರಿ. ಒಂದೆರಡು ನಿಮಿಷದಲ್ಲಿ ಗುಳುಂ ಅಂತ ಎಳೆತ ತಿರುಗುತ್ತದೆ. ಆ ಸದ್ದು ಒಮ್ಮೆ ಕೇಳಿದರೆ ಮರೆಯುವುದಿಲ್ಲ.

ಎಕ್ಸಾಸ್ಟ್ ಫ್ಯಾನಿನ ವಿಷಯವೂ ಇಲ್ಲೇ. ಒಲೆ ಉರಿಯುವಾಗ ಅಡುಗೆಮನೆಯ ದೊಡ್ಡ ಫ್ಯಾನ್ ಹಾಕಿ ಒಗ್ಗರಣೆ ಹಾಕಿದರೆ ಅದು ಮನೆಯೊಳಗಿನ ಗಾಳಿ ಎಳೆಯುತ್ತದೆ, ಗಾಳಿ ಸಾಲದೆ ಚಿಮಣಿಯಿಂದಲೇ ವಾಪಸ್ ಎಳೆದುಕೊಳ್ಳಬಹುದು. ಬರೀ ಹೊಗೆ ಬಂದರೆ ಗೊತ್ತಾಗುತ್ತದೆ. ಕೆಂಡ ಆರುವ ಹೊತ್ತಿನಲ್ಲಿ ಕಾರ್ಬನ್ ಮೊನಾಕ್ಸೈಡ್ ಅನ್ನುವ ವಿಷದ ಗಾಳಿ ಬಂದರೆ ವಾಸನೆಯೂ ಇರುವುದಿಲ್ಲ. ಊದುಬತ್ತಿ ಪರೀಕ್ಷೆಗೆ ಒಲೆ ಪೂರ್ತಿ ಆರಿರಲಿ ಅಂದದ್ದು ಅದಕ್ಕೇ. ಮನೆಯ ತೂತು ಮುಚ್ಚುತ್ತಾ ಹೋದ ಹಾಗೆ ಈ ತೊಂದರೆ ಜಾಸ್ತಿಯಾಗುತ್ತದೆ. ಆಗ ಒಲೆಗೇ ನೇರ ಹೊರಗಿನಿಂದ ಗಾಳಿ ತರುವ ಕೊಳವೆ ಹಾಕಿಸಬಹುದು. ಕಾರ್ಬನ್ ಮೊನಾಕ್ಸೈಡ್ ಅಲಾರಂ ಪ್ರತಿ ಮಹಡಿಯಲ್ಲೂ, ಮಲಗುವ ಕೋಣೆ ಹತ್ತಿರವೂ ಇರಲಿ. ಇದರಲ್ಲಿ ಚೌಕಾಸಿ ಬೇಡ.

ಅಮ್ಮನ ಕುಂಟೆ

ಫೋನಿನಲ್ಲಿ ಅಮ್ಮನ ಹತ್ತಿರ ರಾತ್ರಿ ಚಳಿ ಅಂತ ಗೋಳಾಡಿದಾಗ ಅವಳಂದಳು: "ಅಲ್ಲ ಕಣೇ, ಒಂದು ದಪ್ಪ ಕುಂಟೆ ತುರುಕಿ ಮಲ್ಕೊಳ್ಳೋಕೆ ಏನು? ಬೆಳಗಿನ ತನಕ ಕೆಂಡ ಇರ್ತದಲ್ಲ." ಬಚ್ಚಲ ಒಲೆಗೆ ಅದು ಸರಿಯಾದ ಮಾತು. ರಾತ್ರಿಯಿಡೀ ಕೊರಡು ಹೊಗೆಯಾಡುತ್ತಾ ಇದ್ದರೆ ಬೆಳಿಗ್ಗೆ ಹಂಡೆ ನೀರು ಉಗುರು ಬೆಚ್ಚಗಾದರೂ ಇರುತ್ತದೆ. ನಾನೂ ಅದನ್ನೇ ಮಾಡಿದೆ. ದೊಡ್ಡ ಕೊರಡು ಹಾಕಿ, ಗಾಳಿ ಕಿಂಡಿ ಪೂರ್ತಿ ಮುಚ್ಚಿ, ಮಲಗಿದೆ. ಎರಡು ತಿಂಗಳು ಹೀಗೇ ನಡೆಯಿತು. ಮಾರ್ಚಿನಲ್ಲಿ ಚಿಮಣಿ ಗುಡಿಸುವವರು ಬಂದು ಕೊಳವೆ ಬಿಚ್ಚಿ ತೋರಿಸಿದರು. ಒಳಗೆ ಕರಿ ಬೆಲ್ಲದ ಪಾಕ ಸುರಿದು ಆರಿಸಿದ ಹಾಗೆ, ಹೊಳೆಯುವ ಗಟ್ಟಿ ಪದರ. ಉಗುರಿನಲ್ಲಿ ಕೆರೆದರೂ ಬರಲಿಲ್ಲ. "ಇದಕ್ಕೆ ಬೆಂಕಿ ಹಿಡಿದಿದ್ದರೆ ನೀವು ಹಿಮದಲ್ಲಿ ನಿಂತು ಮನೆ ನೋಡಬೇಕಿತ್ತು" ಅಂದರು.

ಅದು ಕ್ರಿಯೊಸೋಟ್. ನಮ್ಮ ಹಳೇ ಅಡುಗೆಮನೆಯ ಮಾಡಿನಲ್ಲಿ ನೇತಾಡುವ ಇಲ್ಲಣದ ಅಣ್ಣ ಅನ್ನಿ. ಗಾಳಿ ಸಾಲದೆ ಕೊರಡು ಕುಮುಲಿದಾಗ ಹೊಗೆಯಲ್ಲಿ ಸುಡದ ಅಂಶ ಉಳಿಯುತ್ತದೆ, ತಣ್ಣಗಿರುವ ಚಿಮಣಿ ಗೋಡೆಗೆ ಅದು ಅಂಟುತ್ತದೆ. ಒಂದು ದಿನ ಜೋರು ಉರಿ ಹಾಕಿದಾಗ ಆ ಪದರಕ್ಕೇ ಬೆಂಕಿ ಹತ್ತುತ್ತದೆ. ಚಿಮಣಿಯೊಳಗೆ ರೈಲು ಹೋದ ಹಾಗೆ ಸದ್ದು ಬರುತ್ತದಂತೆ. ಹಾಗೇನಾದರೂ ಕೇಳಿಸಿದರೆ ಒಲೆ ಬಾಗಿಲು, ಗಾಳಿ ಕಿಂಡಿ ಎರಡೂ ಮುಚ್ಚಿ, ಎಲ್ಲರನ್ನೂ ಹೊರಗೆ ಕರೆದುಕೊಂಡು ಹೋಗಿ, 911ಕ್ಕೆ ಫೋನ್ ಮಾಡಿ. ನೀರು ಸುರಿಯಲು ಹೋಗಬೇಡಿ.

ಹಾಗಾದರೆ ಸರಿಯಾದ ಕ್ರಮ ಏನು? ಹೊಸ ಸೌದೆ ಹಾಕಿದ ಮೇಲೆ ಗಾಳಿ ಪೂರ್ತಿ ಬಿಡಿ, ಹದಿನೈದು ಇಪ್ಪತ್ತು ನಿಮಿಷ. ತುಂಡುಗಳ ಮೈಯೆಲ್ಲ ಕರಿಯಾಗಿ ಬಿರುಕು ಬಿಟ್ಟು, ಉರಿ ಚೆನ್ನಾಗಿ ಹಿಡಿಯಬೇಕು. ಆಮೇಲೆ ಒಂದೇ ಸಲ ಅಲ್ಲ, ಸ್ವಲ್ಪ ಸ್ವಲ್ಪ ಕಮ್ಮಿ ಮಾಡಿ. ಗಾಜಿನೊಳಗೆ ನಿಧಾನವಾಗಿ ಆಡುವ ಉರಿ ಕಾಣುತ್ತಲೇ ಇರಬೇಕು. ಗಾಜು ಕರಿಯಾಗುತ್ತಿದ್ದರೆ ಒಂದೋ ಸೌದೆ ಒದ್ದೆ, ಇಲ್ಲ ಗಾಳಿ ಸಾಲುತ್ತಿಲ್ಲ. ಹೊರಗೆ ಹೋಗಿ ಚಿಮಣಿ ನೋಡಿ. ಶುರುವಿನ ಹೊತ್ತು ಬಿಟ್ಟರೆ ದಟ್ಟ ಹೊಗೆ ಕಾಣಬಾರದು. ಒಂಟಿ ಪದರದ ಕೊಳವೆಗೆ ಅಂಟಿಸುವ ಅಯಸ್ಕಾಂತದ ಥರ್ಮಾಮೀಟರ್ ಸಿಗುತ್ತದೆ, ಒಲೆಯಿಂದ ಒಂದೂವರೆ ಅಡಿ ಮೇಲೆ ಅಂಟಿಸಿ. ಅದು ಸುಮಾರು 250ರಿಂದ 475 ಡಿಗ್ರಿ ಫ್ಯಾರನ್‌ಹೀಟ್ ನಡುವೆ ಇದ್ದರೆ ಎಲ್ಲ ಸರಿ. ಅದಕ್ಕಿಂತ ಕೆಳಗೇ ಇದ್ದರೆ ಕ್ರಿಯೊಸೋಟ್ ಕಟ್ಟುತ್ತಿದೆ.

ರಾತ್ರಿಗೆ ಮಲಗುವ ಒಂದು ಗಂಟೆ ಮುಂಚೆ ಕೆಂಡವನ್ನೆಲ್ಲ ಬಾಗಿಲ ಕಡೆಗೆ ಎಳೆಯಿರಿ. ಹಿಂದುಗಡೆ ದಪ್ಪ ತುಂಡುಗಳನ್ನು ಒತ್ತಾಗಿ ಜೋಡಿಸಿ. ಒತ್ತಾಗಿ ಇಟ್ಟಷ್ಟೂ ನಿಧಾನ ಉರಿಯುತ್ತದೆ. ಗಾಳಿ ಪೂರ್ತಿ ಬಿಟ್ಟು ಮೈ ಕರಿಯಾಗಿಸಿ, ಆಮೇಲೆ ಕಮ್ಮಿ ಮಾಡಿ ಮಲಗಿ. ನಮ್ಮ ಒಲೆಯಲ್ಲಿ ಇದು ಆರೇಳು ಗಂಟೆ ಬರುತ್ತದೆ. ಬೆಳಗಿನ ಜಾವದ ಹೊತ್ತಿಗೆ ಮನೆ ತಣ್ಣಗಾಗುತ್ತದೆ ನಿಜ. ಆಗ ಎಣ್ಣೆ ಬಾಯ್ಲರ್ ಎರಡು ಗಂಟೆ ಓಡಲಿ ಬಿಡಿ, ಅದರಲ್ಲಿ ಸೋಲೇನಿಲ್ಲ. ಬಾಯ್ಲರನ್ನೇ ಮುಟ್ಟುವುದಿಲ್ಲ ಅಂತ ಹಟ ಹಿಡಿದವರ ಚಿಮಣಿ ನೋಡಬೇಕು ನೀವು.

ಒಲೆ ಕೊಳ್ಳುವುದಿದ್ದರೆ ಮನೆ ಸೋರುತ್ತದೆ ಅಂತ ದೈತ್ಯ ಒಲೆ ತರಬೇಡಿ. ದೊಡ್ಡ ಒಲೆ ಅಂದರೆ ಚಳಿಗಾಲದ ಮುಕ್ಕಾಲು ಭಾಗ ಸೆಕೆಯಾಗಿ ಗಾಳಿ ಮುಚ್ಚುವುದು, ಅಂದರೆ ಮತ್ತೆ ಅದೇ ಪಾಕ. 2020ರ ನಂತರ ಅಮೆರಿಕದಲ್ಲಿ ಮಾರುವ ಹೊಸ ಒಲೆಗಳಿಗೆ ಹೊಗೆಯ ಮಿತಿ ಗಂಟೆಗೆ 2ರಿಂದ 2.5 ಗ್ರಾಂ. 1988ರ ಮುಂಚಿನ ಹಳೇ ಒಲೆ ಅದರ ಹಲವು ಪಟ್ಟು ಉಗುಳುತ್ತದೆ, ಹಾಗೆ ಉಗುಳುವುದೆಲ್ಲ ನೀವು ದುಡ್ಡು ಕೊಟ್ಟ ಸೌದೆಯೇ. ಹಳೇದನ್ನೇ ಇಟ್ಟುಕೊಳ್ಳುವುದಾದರೆ ಬಾಗಿಲು ಬಿಗಿಯಾಗಿ ಮುಚ್ಚಲು ಅದರ ಸುತ್ತ ಕೂರಿಸಿರುವ ಹಗ್ಗ ಪರೀಕ್ಷಿಸಿ. ಒಂದು ನೋಟು ಬಾಗಿಲಿಗೆ ಸಿಕ್ಕಿಸಿ ಮುಚ್ಚಿ ಎಳೆಯಿರಿ, ಸುಲಭವಾಗಿ ಜಾರಿ ಬಂದರೆ ಹಗ್ಗ ಬದಲಿಸುವ ಹೊತ್ತಾಗಿದೆ. ಇದನ್ನು ಒಲೆ ತಣ್ಣಗಿರುವಾಗ ಮಾಡಿ, ಹೇಳಬೇಕಾಗಿಲ್ಲ ಅಲ್ವಾ.

ಬಿಸಿಯನ್ನು ನಡೆಸುವುದು

ಒಲೆ ಕೋಣೆಯಲ್ಲಿ 27 ಡಿಗ್ರಿ ಸೆಲ್ಸಿಯಸ್, ಪಕ್ಕದಲ್ಲಿ 13. ಎಲ್ಲರೂ ಮಾಡುವ ತಪ್ಪು ಫ್ಯಾನ್ ಇಟ್ಟು ಬಿಸಿ ಗಾಳಿಯನ್ನು ತಣ್ಣನೆ ಕೋಣೆಗೆ ಊದುವುದು. ತಿರುಗಿಸಿ ಇಡಿ. ತಣ್ಣನೆ ಕೋಣೆಯಲ್ಲಿ, ನೆಲದ ಮೇಲೆ, ಒಲೆ ಕಡೆ ಮುಖ ಮಾಡಿ, ಸಣ್ಣ ಫ್ಯಾನ್, ಸಣ್ಣ ವೇಗ. ತಣ್ಣನೆ ಗಾಳಿ ಭಾರ, ನೆಲದ ಮೇಲೆ ಸುಲಭವಾಗಿ ಹೋಗುತ್ತದೆ. ಅದು ಹೋದ ಜಾಗಕ್ಕೆ ಬಾಗಿಲ ಮೇಲ್ಭಾಗದಿಂದ ಬಿಸಿ ಗಾಳಿ ತಾನಾಗಿ ಬರುತ್ತದೆ. ನಂಬಿಕೆ ಇಲ್ಲದಿದ್ದರೆ ಬಾಗಿಲ ಚೌಕಟ್ಟಿಗೆ ಮೇಲೊಂದು ಕೆಳಗೊಂದು ದಾರ ಅಂಟಿಸಿ ನೋಡಿ, ಎರಡೂ ಎದುರು ದಿಕ್ಕಿಗೆ ಬಾಗುತ್ತವೆ. ಒಲೆ ಮೇಲೆ ಇಡುವ, ಬಿಸಿಯಿಂದಲೇ ತಿರುಗುವ ಪುಟ್ಟ ಫ್ಯಾನ್ ನಮ್ಮಲ್ಲೂ ಇದೆ. ಮಕ್ಕಳಿಗೆ ಚೆನ್ನಾಗಿದೆ.

ಈಗ ಯಾರೂ ಹೇಳದ ವಿಷಯ. ಕೋಣೆಯ ಬಿಸಿ ನೋಡಿ ಬಾಯ್ಲರನ್ನು ಓಡಿಸುವ ಥರ್ಮೋಸ್ಟಾಟ್ ಒಲೆ ಕೋಣೆಯಲ್ಲಿದ್ದರೆ ಅದು ಮನೆಯೆಲ್ಲ ಬೆಚ್ಚಗಿದೆ ಅಂದುಕೊಳ್ಳುತ್ತದೆ, ಬಾಯ್ಲರ್ ಓಡುವುದೇ ಇಲ್ಲ. ಎರಡನೇ ಚಳಿಗಾಲದಲ್ಲಿ ಸಂಕ್ರಾಂತಿ ಹಿಂದಿನ ರಾತ್ರಿ ನಮ್ಮ ಮನೆಯಲ್ಲಿ ಹೀಗಾಯಿತು. ನಡುಮನೆಯಲ್ಲಿ ಬೆಚ್ಚಗೆ ಕೂತು ಎಳ್ಳು ಹುರಿದು ಬೆಲ್ಲ ಕತ್ತರಿಸುತ್ತಿದ್ದೆವು, ಉತ್ತರದ ಗೋಡೆಯೊಳಗಿನ ಸಿಂಕ್ ಪೈಪು ಸದ್ದಿಲ್ಲದೆ ಹೆಪ್ಪುಗಟ್ಟಿತು. ಬೆಳಿಗ್ಗೆ ನಲ್ಲಿ ತಿರುಗಿಸಿದರೆ ಒಂದು ಉಸಿರು ಮಾತ್ರ ಬಂತು. ಮಧ್ಯಾಹ್ನ ಕರಗಿದ ಮೇಲೆ ಗೋಡೆಯೇ ಅಳಲು ಶುರು ಮಾಡಿತು. ಪ್ಲಂಬರಿಗೆ ಕೊಟ್ಟ ದುಡ್ಡಿನಲ್ಲಿ ಎರಡು ಕಾರ್ಡ್ ಮೇಪಲ್ ಬರುತ್ತಿತ್ತು. ಅವತ್ತಿನಿಂದ ಥರ್ಮೋಸ್ಟಾಟ್ ದೂರದ ಕೋಣೆಯಲ್ಲಿದೆ. ಮೈನಸ್ 20ಕ್ಕಿಂತ ಕೆಳಗೆ ಹೋಗುವ ರಾತ್ರಿ ಸಿಂಕಿನ ಕೆಳಗಿನ ಬೀರು ಬಾಗಿಲು ತೆರೆದಿಡುತ್ತೇವೆ, ನಲ್ಲಿಯಲ್ಲಿ ನೂಲಿನಷ್ಟು ನೀರು ಬಿಡುತ್ತೇವೆ, ಬಾಯ್ಲರನ್ನು ನಡುನಡುವೆ ಬೇಕಂತಲೇ ಓಡಿಸುತ್ತೇವೆ. ನೀರಿನ ಮುಖ್ಯ ವಾಲ್ವ್ ಎಲ್ಲಿದೆ ಅಂತ ಮನೆಯವರೆಲ್ಲರಿಗೂ ಗೊತ್ತಿರಲಿ.

ಒಲೆ ಮೇಲೆ ಕೆಟಲ್ ಇಟ್ಟರೆ ಒಣ ಗಾಳಿ ಸರಿಹೋಗುತ್ತದೆ ಅನ್ನುತ್ತಾರೆ. ಸೋರುವ ಮನೆಯಲ್ಲಿ ಆ ಆವಿಯೂ ಅಟ್ಟದಲ್ಲೇ ಹೋಗುತ್ತದೆ. ತೂತು ಮುಚ್ಚಿದ ಮೇಲೆ ತುಟಿ ಒಡೆಯುವುದು ತಾನೇ ಕಮ್ಮಿಯಾಯಿತು. ಕೆಟಲ್ ಈಗ ಕಷಾಯಕ್ಕೆ.

ದೂರ ಇಡಬೇಕಾದವು

ಒಲೆ ಹಾಕಿಸುವುದನ್ನು ಊರಿನ ಕಚೇರಿಗೂ ಇನ್ಶೂರೆನ್ಸ್‌ನವರಿಗೂ ಮುಂಚೆಯೇ ಹೇಳಿ. ಒಲೆಯ ಮೇಲೆ ಬೇರೆ ಅಳತೆ ಬರೆದಿಲ್ಲದಿದ್ದರೆ ಸುಡುವ ವಸ್ತು ಯಾವುದೇ ಆಗಲಿ 36 ಇಂಚು ದೂರ, ಒಂಟಿ ಪದರದ ಕೊಳವೆಯಿಂದ 18 ಇಂಚು. ಮಾಡಿನ ಮೇಲೆ ಚಿಮಣಿ ಕನಿಷ್ಠ 3 ಅಡಿ ಏರಿರಬೇಕು, 10 ಅಡಿ ಸುತ್ತಲಿನ ಯಾವುದಕ್ಕಿಂತಲೂ 2 ಅಡಿ ಎತ್ತರ ಇರಬೇಕು. ವರ್ಷಕ್ಕೊಮ್ಮೆ ಗುಡಿಸಿ ನೋಡಿಸಿ. ಬಣ್ಣ ಬಳಿದ ಮರ, ಪ್ಲೈವುಡ್, ಔಷಧಿ ಹಾಕಿದ ಮರ ಒಲೆಗೆ ಬೇಡ. ಮಳೆಗಾಲದಲ್ಲಿ ಒಲೆ ಮೇಲೆ ಹಗ್ಗ ಕಟ್ಟಿ ಬಟ್ಟೆ ಒಣಗಿಸಿದ ಅಭ್ಯಾಸ ನಮ್ಮವರಿಗೆ ಬಿಡುವುದು ಕಷ್ಟ. ಬಿಡಿ. ಒಂದು ಮಗುವಿನ ಕಾಲುಚೀಲ ಬಿದ್ದರೂ ಸಾಕು.

ಬೂದಿಯನ್ನು ಪೂರ್ತಿ ತೆಗೆಯಬೇಡಿ, ಒಂದಿಂಚು ಹಾಸಿಗೆ ಇದ್ದರೆ ಕೆಂಡ ಉಳಿಯುತ್ತದೆ. ತೆಗೆದದ್ದನ್ನು ಮುಚ್ಚಳ ಇರುವ ಕಬ್ಬಿಣದ ಬಕೆಟಿಗೇ ಹಾಕಿ, ಹೊರಗೆ, ಮನೆಯಿಂದ ದೂರ, ಮರದ ಜಗಲಿಯ ಮೇಲಲ್ಲ. ನಾನೊಮ್ಮೆ ಮೂರು ದಿನದ ಹಳೇ ಬೂದಿ ಅಂತ ಕೈಯಲ್ಲಿ ಕೆದಕಿದೆ, ಒಳಗೆ ಹುಣಸೆ ಬೀಜದಷ್ಟು ಕೆಂಡ ನನ್ನನ್ನೇ ನೋಡುತ್ತಿತ್ತು. ವಾರ ಬಿಟ್ಟು ಪೂರ್ತಿ ಆರಿದ ಮೇಲೆ ಅಂಗಳದ ಮಂಜುಗಡ್ಡೆ ಮೇಲೆ ಎರಚಿದರೆ ಕಾಲು ಜಾರುವುದಿಲ್ಲ. ಉಳಿದದ್ದು ವಸಂತದಲ್ಲಿ ತರಕಾರಿ ಪಾತಿಗೆ, ಕೈಯಲ್ಲಿ ಉದುರಿಸುವಷ್ಟು. ಬ್ಲೂಬೆರಿ ಬುಡಕ್ಕೆ ಮಾತ್ರ ಹಾಕಬೇಡಿ, ಅದಕ್ಕೆ ಹುಳಿ ಮಣ್ಣೇ ಬೇಕು.